ನೋವು ನಿಜ: ಮಳೆಗಾಲದ ದಿನಚರಿಯಿಂದ

ಜೂನ್ 30, 2025, ಸೋಮವಾರ. ಸಾಗರ

ಬೆಳಗಿನಿಂದ ಮಳೆ ಹೊಳವಾಗಲೇ ಇಲ್ಲ. ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬರಬೇಕಾದವರಲ್ಲಿ ಅರ್ಧ ಜನ ಬರಲಿಲ್ಲ. ಬಂದವರ ಜೊತೆ ಕೂತು ಮಾತಾಡಲು ಪುರುಸೊತ್ತು ಸಿಕ್ಕಿತು.

ಹೊಸಬರೊಬ್ಬರು ಬಂದಿದ್ದರು. ನಲವತ್ತರ ಆಸುಪಾಸಿನ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಕೊನೆ ಇಳಿಸುವವರು. ಹೋದ ವರ್ಷ ಆಷಾಢದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದವರು ಜಾರಿ ಬಿದ್ದರಂತೆ. ಬಲಗೈ ಮೂಳೆ ಭುಜದ ಹತ್ತಿರವೇ ಮುರಿದಿತ್ತು. ಪ್ಲೇಟ್ ಹಾಕಿದ್ದಾರೆ. ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದೆ, ಮೂಳೆ ಚೆನ್ನಾಗಿಯೇ ಕೂಡಿದೆ. ಆದರೆ ಕೈ ಎದೆ ಮಟ್ಟದಿಂದ ಮೇಲೆ ಏಳುವುದಿಲ್ಲ.

ಮಲಗಿಸಿ ನಾನೇ ಕೈ ಹಿಡಿದು ಎತ್ತಿದೆ. ಕೋನ ಅಳೆಯುವ ಗೋನಿಯೋಮೀಟರ್ 150 ಡಿಗ್ರಿ ತೋರಿಸಿತು. ಮಲಗಿದಲ್ಲೇ ತಾವಾಗಿ ಎತ್ತಿ ಅಂದೆ, ಹೆಚ್ಚುಕಡಿಮೆ ಅಷ್ಟೇ ಬಂತು. ಎದ್ದು ನಿಂತು ಎತ್ತಿ ಅಂದಾಗ 80ಕ್ಕೆ ನಿಂತುಬಿಟ್ಟಿತು. ಅಲ್ಲಿಗೆ ಬರುತ್ತಿದ್ದಂತೆ ಕುತ್ತಿಗೆಯ ನರ ಹುರಿಗಟ್ಟಿತು, ಹಲ್ಲು ಕಚ್ಚಿಕೊಂಡರು, ಉಸಿರು ನಿಂತಿತು. ಕೈ ಮುಂದಕ್ಕೆ ಹೋಗಬೇಕಾದರೆ ಕಣ್ಣೂ ಮೇಲೆ ನೋಡಬೇಕು. ಸರಿಯಾಗಿ ಆ ಜಾಗದಲ್ಲಿ ಇಡೀ ಮೈ ಬೇಡ ಅನ್ನುತ್ತದೆ.

"ಎಂಥದೂ ಇಲ್ಲ ಅಂದ್ರು ಡಾಕ್ಟ್ರು. ಮನೇಲಿ ಸೋಗು ಅಂತಾರೆ. ನಂಗೆ ನೋಯ್ತದೆ ಅಮ್ಮಾ."

"ನಿಮ್ಮ ನೋವು ನಿಜ. ಮೂಳೆ ಕೂಡಿದ್ದೂ ನಿಜ" ಅಂದೆ. ಅವರು ಹೆಂಡತಿಯ ಕಡೆ ತಿರುಗಿ, "ಕೇಳಿದ್ಯಾ" ಅಂದರು.

ಜುಲೈ 3, ಗುರುವಾರ

ಮಲಗಿದಾಗ ಏಳುವ ಕೈ ನಿಂತಾಗ ಏಕೆ ಏಳುವುದಿಲ್ಲ? ಎರಡು ದಿನದಿಂದ ಇದೇ ತಲೆಯಲ್ಲಿ ಸುತ್ತುತ್ತಿದೆ. ಸ್ನಾಯು ಬಲಹೀನವಾಗಿದೆ, ಅದು ಒಂದು ಕಾರಣ. ನಿಂತಾಗ ಕೈಯ ಭಾರ ಪೂರ್ತಿ ಹೊರಬೇಕು. ಆದರೆ ಕಚ್ಚಿದ ಹಲ್ಲಿಗೂ ನಿಂತ ಉಸಿರಿಗೂ ಬರೀ ಬಲಹೀನತೆ ಕಾರಣವಾಗಲಾರದು.

ಗಾಯ ಎಷ್ಟಿದೆಯೋ ನೋವು ಅಷ್ಟೇ ಇರಬೇಕು ಎಂದು ಜನ ತಿಳಿಯುತ್ತಾರೆ. ನಮ್ಮಲ್ಲಿ ಎಷ್ಟೋ ಜನ ಚಿಕಿತ್ಸಕರೂ ಹಾಗೆಯೇ ನಡೆದುಕೊಳ್ಳುತ್ತೇವೆ. ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘ 1979ರಲ್ಲೇ ನೋವನ್ನು ಸಂವೇದನೆಯೂ ಹೌದು, ಭಾವನೆಯೂ ಹೌದು ಎಂದು ನಿರೂಪಿಸಿದೆ. 2020ರಲ್ಲಿ ಆ ನಿರೂಪಣೆಯನ್ನು ತಿದ್ದಿದಾಗ, ನೋವಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂಬುದನ್ನೂ ಟಿಪ್ಪಣಿಯಲ್ಲಿ ಸೇರಿಸಿತು. ಎಕ್ಸ್‌ರೇ ಮೂಳೆಯನ್ನು ತೋರಿಸುತ್ತದೆ. ನೋವನ್ನು ತೋರಿಸುವ ಎಕ್ಸ್‌ರೇ ಇಲ್ಲ.

ಅಪಾಯ ಬಂದಾಗ ದೇಹ ಏನು ಮಾಡುತ್ತದೆ ಎಂಬುದನ್ನು ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್ 1915ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದರು. ಅಡ್ರಿನಲಿನ್ ರಕ್ತಕ್ಕೆ ನುಗ್ಗುತ್ತದೆ, ಎದೆ ಬಡಿತ ಏರುತ್ತದೆ, ಜೀರ್ಣಕ್ರಿಯೆ ನಿಲ್ಲುತ್ತದೆ, ರಕ್ತ ಸ್ನಾಯುಗಳಿಗೆ ಹರಿಯುತ್ತದೆ. ಹೋರಾಡು, ಇಲ್ಲವೇ ಓಡು. ಮರದಿಂದ ಜಾರಿದವನಿಗೆ ಹೋರಾಡಲೂ ಆಗದು, ಓಡಲೂ ಆಗದು. ಅಪಾಯ ಮುಗಿದ ಮೇಲೆ ಹೆಚ್ಚಿನವರಲ್ಲಿ ಇದೆಲ್ಲ ತಣ್ಣಗಾಗುತ್ತದೆ. ಕೆಲವರಲ್ಲಿ ಆಗುವುದಿಲ್ಲ. ಬಿದ್ದು ವರ್ಷ ಕಳೆದರೂ ಅವರ ಮೈಗೆ ಅದು ಮುಗಿದ ಸಂಗತಿಯಲ್ಲ.

ಮುಂದಿನದು ದಿನಾ ನಾನು ನೋಡುವ ಸುಳಿ. ನೋವಿನ ಭಯಕ್ಕೆ ಕೈ ಎತ್ತುವುದು ಬಿಡುತ್ತಾರೆ. ಎತ್ತದ ಕೈ ಸೊರಗುತ್ತದೆ. ಸೊರಗಿದ ಕೈ ಇನ್ನಷ್ಟು ನೋಯುತ್ತದೆ, ಭಯ ಗಟ್ಟಿಯಾಗುತ್ತದೆ. 2000ದಲ್ಲಿ ಫ್ಲೇಯೆನ್ ಮತ್ತು ಲಿಂಟನ್ ಎಂಬ ಸಂಶೋಧಕರು ಈ ಸುಳಿಯ ಬಗ್ಗೆ ಬರೆದ ಲೇಖನ ನಮ್ಮ ವೃತ್ತಿಯನ್ನೇ ಬದಲಿಸಿತು. ಬೆನ್ನುನೋವಿಗೆ ವಾರಗಟ್ಟಲೆ ಮಲಗಿ ಎಂದು ಹೇಳುವುದನ್ನು ಈಗ ನಿಲ್ಲಿಸಿದ್ದೇವೆ. ಭಯಕ್ಕೂ ಚಿಕಿತ್ಸೆ ಬೇಕು ಎಂಬುದನ್ನು ಮಾತ್ರ ಇನ್ನೂ ಪೂರ್ತಿ ಒಪ್ಪಿಕೊಂಡಿಲ್ಲ.

ಜುಲೈ 8, ಮಂಗಳವಾರ

ಇವತ್ತಿನದನ್ನು ವಿವರವಾಗಿ ಬರೆದಿಡಬೇಕು.

ಕೊನೆಗೌಡರು ಬಂದ ಕೂಡಲೇ ಹೇಳಿದರು, ಪಕ್ಕದ ತೋಟದಲ್ಲಿ ಔಷಧಿ ಶುರುವಾಗಿದೆ ಅಂತ. ಮೈಲುತುತ್ತ, ಸುಣ್ಣ ಕಲಸಿದ ವಾಸನೆ ಮನೆಗೆ ಬರುತ್ತದಂತೆ. ಹೇಳುತ್ತಿದ್ದಂತೆ ಅಂಗೈ ಬೆವರಿತು, ಬೆರಳು ತಣ್ಣಗಾಯಿತು. ನಾಡಿ ಹಿಡಿದರೆ ಓಡುತ್ತಿದೆ. ವಾಸನೆಯ ನರದ ಸುದ್ದಿ ಮಿದುಳಿನಲ್ಲಿ ಹೆಚ್ಚು ಸುತ್ತದೆ, ಭಯವನ್ನು ನೋಡಿಕೊಳ್ಳುವ ಅಮಿಗ್ಡಲಾಕ್ಕೆ ನೇರ ದಾರಿಯಲ್ಲಿ ತಲುಪುತ್ತದೆ. ಯೋಚನೆ ಬರುವ ಮೊದಲೇ ಮೈ ಹೆದರಿರುತ್ತದೆ.

ಬಿದ್ದ ಕಥೆಯನ್ನು ಕೇಳಲಿಲ್ಲ. ಮೈಯ ಅನುಭವದ ಮೂಲಕ ಆಘಾತಕ್ಕೆ ಚಿಕಿತ್ಸೆ ಕೊಡುವ ಪೀಟರ್ ಲೆವಿನ್ ತಮ್ಮ ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಪದ್ಧತಿಯಲ್ಲಿ ಹೇಳುವ ಎರಡು ಮಾತು ನನಗೆ ಯಾವಾಗಲೂ ಉಪಯೋಗಕ್ಕೆ ಬಂದಿವೆ. ಒಂದು, ಕಷ್ಟದ ಸಂಗತಿಯನ್ನು ಒಂದೇ ಸಲ ಮೈಮೇಲೆ ಸುರಿಯಬೇಡ, ಚೂರುಚೂರೇ ಮುಟ್ಟು. ಇನ್ನೊಂದು, ಕಷ್ಟದ ಕಡೆ ಒಂದು ಹೆಜ್ಜೆ ಹೋಗಿ, ಮೈಯಲ್ಲಿ ಆರಾಮಿರುವ ಕಡೆ ವಾಪಸು ಬಾ.

ಚಪ್ಪಲಿ ಬಿಡಿಸಿ ಕುರ್ಚಿಯಲ್ಲಿ ಕೂರಿಸಿದೆ.

"ನೆಲ ಹೆಂಗಿದೆ?"

"ತಣ್ಣಗದೆ. ಗಟ್ಟಿಯಾಗದೆ."

ಅವರ ಎಡಗೈ ಬೆರಳನ್ನು ಬಲಗೈ ನಾಡಿಯ ಮೇಲೆ ಇಡಿಸಿದೆ. ಉಸಿರು ಒಳಗೆ ಎಳೆದಾಗ ಬಡಿತ ಚೂರು ಚುರುಕಾಗುತ್ತದೆ, ನಿಧಾನಕ್ಕೆ ಹೊರಬಿಟ್ಟಾಗ ಸಾವಕಾಶವಾಗುತ್ತದೆ. ವೇಗಸ್ ನರದ ಕೆಲಸ ಅದು. ನಾನು ವಿವರಿಸಲಿಲ್ಲ, ತಾವೇ ಕಂಡುಕೊಂಡರು. "ಅರೇ, ಇದು ನನ್ ಮಾತು ಕೇಳ್ತದೆ" ಅಂದರು.

ಆಮೇಲೆ ಕೇಳಿದೆ, ಮೈಯಲ್ಲಿ ಎಲ್ಲಿ ಆರಾಮಿದೆ? ಎಲ್ಲಿ ನೋವು ಅಂತ ವರ್ಷದಿಂದ ಎಲ್ಲರೂ ಕೇಳಿದ್ದಾರೆ, ಇದನ್ನು ಯಾರೂ ಕೇಳಿಲ್ಲ. ಬಹಳ ಹೊತ್ತು ಸುಮ್ಮನಿದ್ದರು. "ಎಡಗಾಲಿನ ಮೀನಖಂಡ" ಅಂದರು. ಇಪ್ಪತ್ತು ವರ್ಷ ಮರ ಹತ್ತಿದ ಕಾಲು, ಗಟ್ಟಿಮುಟ್ಟಾಗಿದೆ. ಸ್ವಲ್ಪ ಹೊತ್ತು ಗಮನವನ್ನು ಅಲ್ಲಿಡಿ ಅಂದೆ. ಆಮೇಲೆ ಭುಜದ ಹತ್ತಿರ ಹೋಗಿ. ಮತ್ತೆ ಮೀನಖಂಡಕ್ಕೆ ಬನ್ನಿ. ಹೀಗೆ ಹೋಗಿ ಬಂದು ಮಾಡುತ್ತಿದ್ದಾಗ ತೊಡೆ ನಡುಗತೊಡಗಿತು. ಗಾಬರಿಯಾದರು. ಕಾಲು ಊರಿಕೊಂಡಿರಿ, ತಡೆಯಬೇಡಿ, ಕಣ್ಣು ಬಿಟ್ಟು ನನ್ನನ್ನು ನೋಡಿ ಅಂದೆ. ಸ್ವಲ್ಪ ಹೊತ್ತಿಗೆ ನಡುಕ ನಿಂತು ಉದ್ದ ಆಕಳಿಕೆ ಬಂತು.

ಒಳಗೆ ಸಿಕ್ಕಿಕೊಂಡ ಶಕ್ತಿ ನಡುಕದಲ್ಲಿ ಹೊರಹೋಗುತ್ತದೆ ಎಂದು ಲೆವಿನ್ ವಿವರಿಸುತ್ತಾರೆ. ಆ ವಿವರಣೆ ಪ್ರಯೋಗಶಾಲೆಯಲ್ಲಿ ಸಾಬೀತಾದ ಮಾತಲ್ಲ. ಕಣ್ಣಾರೆ ಕಂಡದ್ದು ಇಷ್ಟು: ಉಸಿರು ಎದೆಯಿಂದ ಹೊಟ್ಟೆಗೆ ಇಳಿಯಿತು, ಕುತ್ತಿಗೆಯ ಬಿಗಿ ಸಡಿಲಾಯಿತು. ನಿಲ್ಲಿಸಿ ಅಳೆದರೆ ಕೈ 95 ಡಿಗ್ರಿಗೆ ಬಂತು. ನಂತರ ಎಂದಿನಂತೆ ರಬ್ಬರ್ ಬ್ಯಾಂಡಿನ ವ್ಯಾಯಾಮ. ಸ್ನಾಯುವಿಗೆ ಬಲ ತುಂಬದೆ ಬರೀ ಉಸಿರಾಟದಿಂದ ಭುಜ ಗಟ್ಟಿಯಾಗುವುದಿಲ್ಲ.

ಕನಸಲ್ಲಿ ಮತ್ತೆ ಮರದಿಂದ ಬಿದ್ದು ರಾತ್ರಿ ಎಚ್ಚರವಾಗುತ್ತದಂತೆ. ನನ್ನ ಕೈ ಮೀರಿದ ಭಾಗ ಅದು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರಿಗೆ ಪತ್ರ ಬರೆದುಕೊಟ್ಟೆ. ಪತ್ರವನ್ನು ನಾಲ್ಕಾಗಿ ಮಡಚಿ ಜೇಬಿನ ಒಳಗೆ ಇಟ್ಟುಕೊಂಡರು. "ಅಲ್ಲಿಗೆ ಹೋದ್ರೆ ಊರಲ್ಲಿ ಹುಚ್ಚು ಅಂತಾರೆ ಅಮ್ಮಾ."

ಜುಲೈ 13, ಭಾನುವಾರ

ಊರಲ್ಲಿ ಹುಚ್ಚು ಅಂತಾರೆ ಎಂಬ ಕೊನೆಗೌಡರ ಮಾತು ಬಿಡುತ್ತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ತೆಗೆದು ಮತ್ತೆ ಓದಿದೆ. ಖಿನ್ನತೆಯ ಲಕ್ಷಣ ಹೆಚ್ಚಿದ್ದವರಿಗೆ ಕಳಂಕದ ಭಯವೂ ಹೆಚ್ಚಿತ್ತು. ಮೈಕೈ ನೋವಿನ ರೂಪದಲ್ಲಿ ತೊಂದರೆ ಹೇಳಿಕೊಂಡವರಿಗೆ ಆ ಭಯ ಕಡಿಮೆ ಇತ್ತು. ಕಾರಣ ಸರಳ. ಮೈ ನೋವು ಎಲ್ಲರಿಗೂ ಬರುತ್ತದೆ, ಹೇಳಿಕೊಂಡರೆ ಯಾರೂ ಕೀಳಾಗಿ ಕಾಣುವುದಿಲ್ಲ. ಬೇಜಾರು ಹೇಳಿಕೊಂಡರೆ ಮಾನ ಹೋಗುತ್ತದೆ, ಮಕ್ಕಳ ಮದುವೆಗೆ ತೊಡಕಾಗುತ್ತದೆ.

ಹೀಗಿರುವಾಗ ಬಡವರು, ಹೆಂಗಸರು ತಮ್ಮ ಸಂಕಟವನ್ನು ಸೊಂಟದಿಂದ, ತಲೆಯಿಂದ, ಎದೆಯಿಂದ ಹೇಳುತ್ತಾರೆ. ಅದು ನಾಟಕವಲ್ಲ, ಆ ಸೊಂಟ ನಿಜಕ್ಕೂ ನೋಯುತ್ತಿರುತ್ತದೆ. ಹೇಳಲು ಇದ್ದ ಒಂದೇ ದಾರಿಯನ್ನೂ ನಾವು ಒಂದು ವರದಿ ತೋರಿಸಿ ಮುಚ್ಚಿಬಿಟ್ಟರೆ ಅವರು ಇನ್ನೆಲ್ಲಿಗೆ ಹೋಗಬೇಕು?

ಮೈಗೂ ಮನಸ್ಸಿಗೂ ನಂಟಿದೆ ಎಂಬುದು ನಮಗೆ ಹೊರಗಿನಿಂದ ಬಂದ ವಿಚಾರವೇನೂ ಅಲ್ಲ. ದೇಹ, ಮನಸ್ಸು ಎರಡೂ ರೋಗದ ನೆಲೆ ಎಂದು ಚರಕಸಂಹಿತೆ ಆರಂಭದಲ್ಲೇ ಹೇಳುತ್ತದೆ. ಕನ್ನಡದಲ್ಲಿ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನೋವೈದ್ಯಕೀಯದ ಮೇಲೆ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಡಾ. ಸಿ.ಆರ್. ಚಂದ್ರಶೇಖರ್ ದಶಕಗಳಿಂದ ಹಳ್ಳಿಯವರಿಗೂ ತಿಳಿಯುವ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದಾರೆ. ಓದು ನಮ್ಮ ಕೈಗೆಟುಕುವಂತಿದೆ.

ಇನ್ನು ಲೆವಿನ್ ಪದ್ಧತಿಯಂಥ ಸೊಮ್ಯಾಟಿಕ್ ಥೆರಪಿಗೆ ಆಧಾರ ಎಷ್ಟಿದೆ ಎಂಬ ಪ್ರಶ್ನೆ. ರೋಗಿಯ ಎದುರು ಕೂರುವವಳು ಇದನ್ನು ತಿಳಿದಿರಲೇಬೇಕು. 2004ರ ಡಿಸೆಂಬರ್ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯ ಸಂತ್ರಸ್ತರ ಜೊತೆ ಲೆವಿನ್ ಪದ್ಧತಿಯವರು ಕೆಲಸ ಮಾಡಿದ್ದರು. 2008ರಲ್ಲಿ ಅದರ ವರದಿ ಬಂತು, ಬಹಳ ಜನರ ಲಕ್ಷಣಗಳು ಇಳಿದಿದ್ದವು. ಆದರೆ ಹೋಲಿಸಿ ನೋಡಲು ಚಿಕಿತ್ಸೆ ಇಲ್ಲದ ಗುಂಪು ಅದರಲ್ಲಿರಲಿಲ್ಲ. ಅದೇ ಸುನಾಮಿಯಲ್ಲಿ ನೊಂದ ಅಂಡಮಾನಿನವರಿಗೆ ಬೆಂಗಳೂರಿನ ವಿವೇಕಾನಂದ ಯೋಗ ಸಂಶೋಧನಾ ಪ್ರತಿಷ್ಠಾನದವರು ಒಂದು ವಾರ ಯೋಗ ಕಲಿಸಿ, ಭಯ ಮತ್ತು ನಿದ್ರೆಯ ತೊಂದರೆ ಕಡಿಮೆಯಾದದ್ದನ್ನು ದಾಖಲಿಸಿದರು. ಇಸ್ರೇಲಿನಲ್ಲಿ 63 ಜನರ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗ ಹೆಚ್ಚು ಕಟ್ಟುನಿಟ್ಟಿನದು. ಚಿಕಿತ್ಸೆಗೆ ಕಾದಿದ್ದವರಿಗಿಂತ ಪಡೆದವರಲ್ಲಿ ಆಘಾತದ ಲಕ್ಷಣವೂ ಖಿನ್ನತೆಯೂ ಇಳಿದವು. ಆಶಾದಾಯಕ, ಆದರೆ ಸಣ್ಣ ಸಂಖ್ಯೆ. ವೇಗಸ್ ನರದ ಹೆಸರಿನಲ್ಲಿ ಹಬ್ಬಿರುವ ಪಾಲಿವೇಗಲ್ ಸಿದ್ಧಾಂತದ ಬಗ್ಗೆ ಶರೀರಶಾಸ್ತ್ರಜ್ಞರಲ್ಲೇ ಗಟ್ಟಿ ತಕರಾರಿದೆ. ತಕರಾರಿಲ್ಲದ ಸಂಗತಿಯೂ ಒಂದಿದೆ. ಆ ನರದ ಎಳೆಗಳಲ್ಲಿ ಹೆಚ್ಚಿನವು ಹೃದಯ, ಶ್ವಾಸಕೋಶ, ಕರುಳುಗಳ ಸುದ್ದಿಯನ್ನು ಮಿದುಳಿಗೆ ಒಯ್ಯುವಂಥವು. ಅಪ್ಪಣೆ ಮೇಲಿನಿಂದ ಬರುವುದಕ್ಕಿಂತ ಹೆಚ್ಚಾಗಿ ವರ್ತಮಾನ ಕೆಳಗಿನಿಂದ ಹೋಗುತ್ತಿರುತ್ತದೆ.

ಇಷ್ಟು ತಿಳಿದುಕೊಂಡು, ಇಷ್ಟನ್ನೇ ಹೇಳಬೇಕು. ಎಲ್ಲ ಕಾಯಿಲೆಗೂ ಮನಸ್ಸೇ ಮೂಲ ಎಂದು ಶಿಬಿರ ಮಾಡಿ ದುಡ್ಡು ಕೀಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕ್ಯಾನ್ಸರ್ ಬಂದವರಿಗೆ, ನೀವು ಕೋಪ ನುಂಗಿಕೊಂಡಿದ್ದರಿಂದ ಬಂತು ಎಂದು ಹೇಳುವುದು ಕ್ರೌರ್ಯ.

ಜುಲೈ 19, ಶನಿವಾರ

ಹೋದ ವಾರ ಅರವತ್ತು ದಾಟಿದ ಹೆಂಗಸೊಬ್ಬರನ್ನು ಮಗ ಆಟೋದಲ್ಲಿ ಕರೆತಂದಿದ್ದ. ಮೂರು ದಿನದ ಹಿಂದೆ ಅವರ ತಮ್ಮ ತೀರಿಕೊಂಡಿದ್ದರು. ಎಡ ಭುಜ, ಬೆನ್ನು ನೋವು. "ಅತ್ತು ಅತ್ತು ಹಿಡ್ಕೊಂಡಿದೆ, ಸ್ವಲ್ಪ ಶಾಖ ಕೊಡಿ ಮೇಡಂ" ಅಂದ. ಭುಜವನ್ನು ಯಾವ ಕಡೆ ತಿರುಗಿಸಿದರೂ ನೋವು ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ಕೀಲಿನ ನೋವು ಹಾಗಿರುವುದಿಲ್ಲ. ಹಣೆಯಲ್ಲಿ ತಣ್ಣನೆ ಬೆವರು ಇತ್ತು. ಶಾಖದ ಮಾತು ಬಿಟ್ಟು ನೇರ ಆಸ್ಪತ್ರೆಗೆ ಕಳಿಸಿದೆ. ಇಸಿಜಿಯಲ್ಲಿ ವ್ಯತ್ಯಾಸ ಕಂಡು ಶಿವಮೊಗ್ಗಕ್ಕೆ ಒಯ್ದರು.

ಇವತ್ತು ಮಗ ಫೋನ್ ಮಾಡಿದ್ದ. ಆಂಜಿಯೋಗ್ರಾಮಿನಲ್ಲಿ ರಕ್ತನಾಳ ಎಲ್ಲೂ ಕಟ್ಟಿಲ್ಲ. ಆದರೆ ಎಕೋದಲ್ಲಿ ಹೃದಯದ ಎಡ ಕೋಣೆಯ ತುದಿ ಉಬ್ಬಿ, ಸರಿಯಾಗಿ ಸಂಕುಚಿಸುತ್ತಿರಲಿಲ್ಲ. ಟಾಕೋಟ್ಸುಬೋ ಅಂದರಂತೆ.

ಜಪಾನಿನ ವೈದ್ಯರು 1990ರಲ್ಲಿ ವರ್ಣಿಸಿದ ಸ್ಥಿತಿ ಇದು. ಉಬ್ಬಿದ ಹೃದಯದ ಆಕಾರ ಅಲ್ಲಿನ ಮೀನುಗಾರರು ಆಕ್ಟೋಪಸ್ ಹಿಡಿಯಲು ಇಳಿಬಿಡುವ ಮಡಕೆಯಂತೆ ಕಂಡಿತು, ಅದೇ ಹೆಸರಾಯಿತು. ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚು. ಸಾವಿನ ಸುದ್ದಿ, ದೊಡ್ಡ ಹೆದರಿಕೆ, ಕೆಲವೊಮ್ಮೆ ದೇಹಕ್ಕೇ ಬಂದ ತೀವ್ರ ಕಾಯಿಲೆ, ಇವುಗಳ ಬೆನ್ನಿಗೆ ಬರುತ್ತದೆ. ಒಮ್ಮೆಗೇ ನುಗ್ಗುವ ಅಡ್ರಿನಲಿನ್ ಜಾತಿಯ ರಸಗಳು ಹೃದಯದ ಸ್ನಾಯುವನ್ನು ಸ್ತಬ್ಧಗೊಳಿಸುತ್ತವೆ ಎಂಬುದು ಈಗ ಹೆಚ್ಚಿನವರು ಒಪ್ಪುವ ಕಾರಣ. ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ಹೃದಯ ಮೊದಲಿನಂತಾಗುತ್ತದೆ. ಹಾಗೆಂದು ಹಗುರ ಮಾಡುವಂತಿಲ್ಲ, ಮೊದಲ ದಿನಗಳಲ್ಲಿ ಪ್ರಾಣಕ್ಕೇ ಅಪಾಯ ಬರಬಹುದು.

ದುಃಖ ಹೃದಯದ ಆಕಾರವನ್ನೇ ಬದಲಿಸಿದ್ದು ಎಕೋ ಯಂತ್ರದಲ್ಲಿ ಕಂಡಿದೆ. ಮನಸ್ಸಿಗೂ ದೇಹಕ್ಕೂ ನಂಟು ಇದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೆ? ಅದೇ ಹೊತ್ತಿಗೆ, ಅಳುವಿನಿಂದ ಬಂದ ನೋವು ಎಂದು ಶಾಖ ಕೊಟ್ಟು ಕಳಿಸಿದ್ದರೆ ಆ ಅಮ್ಮನನ್ನು ಕಳೆದುಕೊಳ್ಳಬಹುದಿತ್ತು. ಮೊದಲು ತಪಾಸಣೆ. ಕಾರಣ ದುಃಖವೇ ಇರಲಿ, ತಪಾಸಣೆ ಮೊದಲು.

ಜುಲೈ 24, ಗುರುವಾರ. ಭೀಮನ ಅಮಾವಾಸ್ಯೆ

ರಜೆ. ಪೂಜೆ, ಊಟಕ್ಕೆ ತವರಿಗೆ ಹೋಗಿದ್ದೆ. ಊಟ ಮುಗಿದ ಮೇಲೆ ಅತ್ತಿಗೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, "ಕುತ್ತಿಗೆ ಸ್ವಲ್ಪ ನೋಡೇ" ಅಂದಳು. ಮುಟ್ಟಿದರೆ ಎರಡು ಭುಜದ ಮೇಲೂ ಸ್ನಾಯು ಗಂಟುಗಟ್ಟಿ ಕಲ್ಲಾಗಿದೆ. ಭುಜ ಕಿವಿಯ ಕಡೆ ಏರಿಯೇ ಇದೆ. ಇಳಿಸು ಅಂದರೆ ಇಳಿಸುತ್ತಾಳೆ, ಒಳಗಿನಿಂದ ಅಪ್ಪ ಕೆಮ್ಮಿದ ಸದ್ದು ಕೇಳಿದ ಕೂಡಲೇ ಮತ್ತೆ ಏರುತ್ತದೆ.

ಅಪ್ಪನಿಗೆ ಮರೆವಿನ ಕಾಯಿಲೆ ಶುರುವಾದಾಗಿನಿಂದ ರಾತ್ರಿ ಎದ್ದು ನೋಡುವವಳು ಅವಳೇ. 1995ರಲ್ಲಿ ಅಮೆರಿಕದ ಓಹಾಯೋದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ತಂಡ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ನೆನಪಾಯಿತು. ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರು, ಅದೇ ವಯಸ್ಸಿನ, ಅಂಥ ಹೊಣೆಯಿಲ್ಲದ 13 ಹೆಂಗಸರು. ಎಲ್ಲರ ತೋಳಿನಲ್ಲೂ 3.5 ಮಿಲಿಮೀಟರಿನ ಒಂದೇ ಅಳತೆಯ ಸಣ್ಣ ಗಾಯ ಮಾಡಿ, ಮಾಯುವುದನ್ನು ಅಳೆದರು. ಆರೈಕೆಯಲ್ಲಿ ಬೆಂದವರ ಗಾಯ ಮಾಯಲು ಸರಾಸರಿ 9 ದಿನ ಹೆಚ್ಚು ಬೇಕಾಯಿತು. ಸಣ್ಣ ಪ್ರಯೋಗ, ಆದರೆ ಅದು ತೋರಿಸಿದ ದಿಕ್ಕನ್ನು ನಂತರದ ಅಧ್ಯಯನಗಳೂ ಹಿಡಿದಿವೆ. ಒತ್ತಡದಲ್ಲಿ ಚರ್ಮ ಕೂಡ ನಿಧಾನವಾಗಿ ಹೊಲಿದುಕೊಳ್ಳುತ್ತದೆ.

ಅತ್ತಿಗೆಗೆ ಉಸಿರಾಟ ಹೇಳಿಕೊಡಬಹುದು. ಎಡ್ಮಂಡ್ ಜೇಕಬ್ಸನ್ 1929ರ ಪುಸ್ತಕದಲ್ಲಿ ವಿವರಿಸಿದ ಹಾಗೆ, ಒಂದೊಂದೇ ಸ್ನಾಯುವನ್ನು ಬಿಗಿಹಿಡಿದು ಬಿಡುವುದನ್ನು ಕಲಿಸಬಹುದು. ಇವತ್ತು ಅದನ್ನು ಕಲಿಸಿದೆ ಕೂಡ. ಆದರೆ ನಿದ್ದೆಯಿಲ್ಲದವಳಿಗೆ ಮೊದಲು ಬೇಕಾದದ್ದು ನಿದ್ದೆ. ಮೈ ಬಿಗಿಯಾಗಲು ಮನೆ ಕಾರಣವಾಗಿರುವಾಗ, ನೀನು ಮನಸ್ಸನ್ನು ಸಡಿಲ ಬಿಡು ಅನ್ನುವುದು ಹೊಣೆಯನ್ನು ಮತ್ತೆ ಅವಳ ಹೆಗಲಿಗೇ ಹೊರಿಸಿದಂತೆ. ಅಣ್ಣನ ಹತ್ತಿರ ನೇರವಾಗಿ ಮಾತಾಡಿದೆ. ಶನಿವಾರ ರಾತ್ರಿ ಅಪ್ಪನ ಹತ್ತಿರ ನಾನು ಮಲಗುತ್ತೇನೆ, ವಾರದ ಮಧ್ಯೆ ಎರಡು ರಾತ್ರಿ ಅಣ್ಣ. "ನಿಂಗೆ ಕ್ಲಿನಿಕ್ಕು ಇರ್ತಲ್ಲೇ" ಅಂದಳು ಅತ್ತಿಗೆ. ಇದೂ ನನ್ನ ಕ್ಲಿನಿಕ್ಕಿನ ಕೆಲಸವೇ ಅಂದೆ.

ಆಗಸ್ಟ್ 2, ಶನಿವಾರ

ಕೊನೆಗೌಡರ ಕೈ ನಿಂತಾಗ ಈಗ 130ಕ್ಕೆ ಬರುತ್ತದೆ. ಮನೋವೈದ್ಯರನ್ನು ನೋಡಿಬಂದಿದ್ದಾರೆ, ಹೆಂಡತಿಯೇ ಕರೆದುಕೊಂಡು ಹೋದರಂತೆ. ನಿದ್ದೆ ಸ್ವಲ್ಪ ಹತ್ತುತ್ತಿದೆ. ಊರಿನಿಂದ ಸಾಗರಕ್ಕೆ ಬರಲಾಗದ ದಿನ 14416ಕ್ಕೆ, ಟೆಲಿ-ಮನಸ್‌ಗೆ, ಕನ್ನಡದಲ್ಲೇ ಮಾತಾಡಬಹುದು ಎಂದು ಚೀಟಿಯಲ್ಲಿ ಬರೆದುಕೊಟ್ಟೆ.

ಮರ ಹತ್ತುವ ಮಾತನ್ನು ನಾವಿಬ್ಬರೂ ಎತ್ತಿಲ್ಲ. ಎತ್ತಬೇಕಾಗಿಯೂ ಇಲ್ಲ. ಈಗ ನೆಲದ ಮೇಲೆ ನಿಂತೇ ಔಷಧಿ ಹೊಡೆಯುವ ಫೈಬರ್ ದೋಟಿ ಬಂದಿದೆ. ಅದಕ್ಕೂ ಕೈ ಮೇಲೇಳಬೇಕು, ಕತ್ತು ಮೇಲೆ ನೋಡಬೇಕು. ಹಾಗಾಗಿ ವ್ಯಾಯಾಮವನ್ನೆಲ್ಲ ಆ ಕೆಲಸಕ್ಕೆ ಹೊಂದಿಸಿದ್ದೇನೆ. ಮೊದಲು ಬರೀ ಕೋಲು, ಆಮೇಲೆ ತುದಿಗೆ ಭಾರ ಕಟ್ಟಿದ ಕೋಲು. ಮೊನ್ನೆ ತೋಟದ ಬೇಲಿಯವರೆಗೆ ಹೋಗಿ, ವಾಸನೆ ಬಂದಾಗ ಕಾಲು ಊರಿ, ಉಸಿರು ಬಿಟ್ಟು, ಮೀನಖಂಡದ ಕಡೆ ಗಮನ ತಂದು, ಅಲ್ಲೇ ನಿಂತಿದ್ದರಂತೆ. "ಎದೆ ಹೊಡ್ಕೊಂಡ್ತು. ಆದ್ರೆ ನಿಂತ್ಕಂಡೆ" ಅಂದರು. ಇದಕ್ಕಿಂತ ಒಳ್ಳೆಯ ವರದಿ ನನಗೆ ಬೇಡ.

ಯಾವುದು ಕೆಲಸ ಮಾಡಿತು? ರಬ್ಬರ್ ಬ್ಯಾಂಡೋ, ಉಸಿರೋ, ಮಾತ್ರೆಯೋ, ಸೋಗು ಅಲ್ಲ ಎಂದು ಹೆಂಡತಿ ನಂಬಿದ್ದೋ? ಬಿಡಿಸಿ ಹೇಳಲು ಸಾಧ್ಯವಿಲ್ಲ, ಬಿಡಿಸುವ ಅಗತ್ಯವೂ ನನಗೆ ಕಾಣುತ್ತಿಲ್ಲ. ಒಬ್ಬ ಮನುಷ್ಯನ ಭುಜ ಗುಣವಾಗಲು ಇವಿಷ್ಟೂ ಬೇಕಾದವು.

ಸೋಮವಾರದಿಂದ ಕ್ಲಿನಿಕ್ಕಿನಲ್ಲಿ ನಾನು ಪಾಲಿಸಬೇಕೆಂದಿರುವುದನ್ನು ಬರೆದಿಡುತ್ತೇನೆ. ಮೊದಲ ಭೇಟಿಯಲ್ಲಿ ನೋವಿನ ಜಾಗದ ಜೊತೆಗೆ ನಿದ್ದೆ, ಮನೆ, ಬಿದ್ದದ್ದು, ಕಳೆದುಕೊಂಡದ್ದು ಇವನ್ನೂ ಕೇಳಬೇಕು. ಅಪಾಯದ ಲಕ್ಷಣ ಕಂಡರೆ ಕೈ ಹಚ್ಚುವ ಮೊದಲೇ ಆಸ್ಪತ್ರೆಗೆ ಕಳಿಸಬೇಕು. ವೈದ್ಯರಿಗೆ ಬರೆಯುವ ಪತ್ರದಲ್ಲಿ, ಮೂಳೆ ಕೂಡಿದೆ, ನೋವು ಉಳಿದಿದೆ, ಎರಡಕ್ಕೂ ಚಿಕಿತ್ಸೆ ನಡೆಯುತ್ತಿದೆ ಎಂದು ಬರೆಯಬೇಕು. ಆಶಾ ಕಾರ್ಯಕರ್ತೆಯರ ಮುಂದಿನ ಸಭೆಯಲ್ಲಿ ಹತ್ತು ನಿಮಿಷ ಕೇಳಿ ಪಡೆದು, ವರದಿಯಲ್ಲಿ ಏನೂ ಕಾಣದ ನೋವಿನ ಬಗ್ಗೆ ಮಾತಾಡಬೇಕು. ಮನೆಮನೆಗೆ ಹೋಗುವವರು ಅವರು. ಸೋಗು ಎಂಬ ಮಾತು ಮನೆಯಲ್ಲೇ ಹುಟ್ಟುವುದರಿಂದ ಅದನ್ನು ಅಲ್ಲೇ ನಿಲ್ಲಿಸಬೇಕು.